ಸುಳೇಭಾವಿಯ ಶಿವಪುತ್ರ

ಹಿಂದೂಸ್ಥಾನೀ ಸಂಗೀತಕ್ಕೆ ಕನ್ನಡನಾಡು ಕೊಟ್ಟ ಗಾಯಕರನ್ನು ಎಣಿಸುವಾಗ ನಾವು ಸಾಮಾನ್ಯವಾಗಿ ಧಾರವಾಡದ ಸುತ್ತಲೇ ಬೆರಳು ಮಡಿಸುತ್ತೇವೆ. ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು, ಭೀಮಸೇನ ಜೋಶಿಯವರು ಎಂದು ಹೆಸರು ಬೆಳೆಯುತ್ತದೆ. ಕುಮಾರ ಗಂಧರ್ವರ ಹೆಸರು ಬಂದಾಗ ಮಾತ್ರ ಎಣಿಸುವವನು ಒಂದು ಕ್ಷಣ ತಡೆಯುತ್ತಾನೆ. ಅವರು ಹುಟ್ಟಿದುದು ಬೆಳಗಾವಿಯ ಹತ್ತಿರ, ಕಲಿತುದು ಮುಂಬಯಿಯಲ್ಲಿ, ಬದುಕಿದುದೂ ಮಡಿದುದೂ ಮಧ್ಯಪ್ರದೇಶದ ದೇವಾಸದಲ್ಲಿ. ಮನೆಮಾತು ಕನ್ನಡ, ಮಿತ್ರರಲ್ಲಿ ಅನೇಕರ ಮಾತು ಮರಾಠಿ, ಹಾಡಿದುದು ಬಹುಮಟ್ಟಿಗೆ ಹಿಂದಿ ಮತ್ತು ಮಾಳವೀ ಭಾಷೆಗಳಲ್ಲಿ. ಯಾವ ಘರಾಣೆಯವರೂ ಅವರನ್ನು ಪೂರ್ತಿಯಾಗಿ ತಮ್ಮವರೆನ್ನಲಿಲ್ಲ. ಅವರೂ ಯಾವ ಘರಾಣೆಗೂ ಪೂರ್ತಿಯಾಗಿ ಒಪ್ಪಿಸಿಕೊಳ್ಳಲಿಲ್ಲ. ನನಗೆ ಅವರ ಜೀವನದಲ್ಲಿ ಆಸಕ್ತಿ ಹುಟ್ಟಿದುದೇ ಈ ಕಾರಣದಿಂದ.

1924ನೆಯ ಏಪ್ರಿಲ್ 8ರಂದು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಒಂದು ಲಿಂಗವಂತ ಮನೆತನದಲ್ಲಿ ಅವರ ಜನನವಾಯಿತು. ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬುದು ಹೆತ್ತವರಿಟ್ಟ ಹೆಸರು. ತಂದೆ ಸಿದ್ಧರಾಮಯ್ಯನವರು ಸ್ವತಃ ಹಾಡುವವರು. ಹುಡುಗನಿಗೆ ಯಾರೂ ಕುಳ್ಳಿರಿಸಿ ಪಾಠ ಹೇಳಲಿಲ್ಲ. ಆದರೆ ಒಂದು ದಿನ ಅವನು ಬಾಯ್ದೆರೆದಾಗ ಗ್ರಾಮಫೋನ್ ತಟ್ಟೆಯೊಂದು ಹಾಡಿದಂತೆ ಹಾಡಿದನಂತೆ. ಅಬ್ದುಲ್ ಕರೀಂ ಖಾನರು, ವಝೆಬುವಾ ಮೊದಲಾದವರ ತಟ್ಟೆಗಳನ್ನು ಕೇಳಿ, ಅವರ ಆಲಾಪ, ತಾನು, ಕೊನೆಗೆ ಅವರ ಉಸಿರಾಟದ ರೀತಿಯನ್ನೂ ಬಿಡದೆ ಒಪ್ಪಿಸುತ್ತಿದ್ದ ಈ ಹುಡುಗನನ್ನು ಕೇಳಲು ಊರೂರುಗಳಲ್ಲಿ ಜನ ಸೇರುತ್ತಿದ್ದರು. ಮಠದ ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಎಂಬ ಬಿರುದನ್ನಿತ್ತರು. ಬಿರುದು ಹೆಸರಾಗಿ ನಿಂತಿತು. ಶಿವಪುತ್ರ ಎಂಬ ಹೆಸರು ಮರೆಯಾಯಿತು.

ಬಾಲಪ್ರತಿಭೆ ಎಂಬುದು ಎಷ್ಟು ದೊಡ್ಡ ಭಾಗ್ಯವೋ ಅಷ್ಟೇ ದೊಡ್ಡ ಗಂಡಾಂತರವೂ ಹೌದು. ಹತ್ತು ಹನ್ನೊಂದು ವರ್ಷದ ಹುಡುಗ ಅಲಹಾಬಾದಿನಂತಹ ಸಂಗೀತ ಸಮ್ಮೇಳನದಲ್ಲಿ ಹಾಡಿ ದೊಡ್ಡ ಉಸ್ತಾದರಿಂದ ಬೆನ್ನು ತಟ್ಟಿಸಿಕೊಂಡ ಮೇಲೆ, ಮತ್ತೆ ಶಿಷ್ಯನಾಗಿ ಕೂರುವುದು ಸುಲಭವಲ್ಲ. ಹಾಗೆ ಮೆರೆದು ಮೀಸೆ ಬರುವ ವೇಳೆಗೆ ಮರೆತುಹೋದ ಬಾಲಗಂಧರ್ವರು ನಮ್ಮ ದೇಶದಲ್ಲಿ ಎಷ್ಟು ಮಂದಿಯೋ. ಶಿವಪುತ್ರನ ಪುಣ್ಯವೆಂದರೆ ಅವನು 1936ರ ಸುಮಾರಿಗೆ ಪ್ರೊಫೆಸರ್ ಬಿ. ಆರ್. ದೇವಧರರ ಕೈಗೆ ಬಿದ್ದುದು. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಎಂದರೆ ಗ್ವಾಲಿಯರ್ ಘರಾಣೆಯವರು. ಆದರೆ ಘರಾಣೆಯ ಗೋಡೆಯನ್ನು ಅವರು ಲೆಕ್ಕಿಸಲಿಲ್ಲ. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದ್ದರು. ಮುಂಬಯಿಯ ಆಪೆರಾ ಹೌಸ್ ಬಳಿಯಲ್ಲಿದ್ದ ಅವರ ಸಂಗೀತ ಶಾಲೆಗೆ ಎಲ್ಲ ಘರಾಣೆಯ ಕಲಾವಿದರೂ ಬಂದುಹೋಗುತ್ತಿದ್ದರು. ಹುಡುಗ ಮೂಲೆಯಲ್ಲಿ ಕುಳಿತು ಎಲ್ಲರನ್ನೂ ಕೇಳಿದನು. ಮೊದಲಿನ ಹಾಗೆ ಕೇಳಿದುದನ್ನು ಒಪ್ಪಿಸುವುದಕ್ಕಾಗಿ ಅಲ್ಲ. ಈ ಗಾಯಕರು ಹೀಗೇಕೆ ಹಾಡುತ್ತಾರೆ, ಈ ಬಂದಿಶ್ ಈ ತಿರುವನ್ನು ಏಕೆ ತೆಗೆದುಕೊಳ್ಳುತ್ತದೆ ಎಂದು ತಿಳಿಯುವುದಕ್ಕಾಗಿ. ಅನುಕರಣೆಯಲ್ಲಿ ಅದ್ವಿತೀಯನಾದವನನ್ನು ಅನುಕರಣೆಯಿಂದ ಬಿಡಿಸಿದುದೇ ಆ ಗುರುವಿನ ದೊಡ್ಡ ಕೆಲಸವೆಂದು ನನ್ನ ಭಾವನೆ. ಅಂಜನೀಬಾಯಿ ಮಾಲ್ಪೇಕರರಲ್ಲಿಯೂ ಅವರು ಕೆಲಕಾಲ ಕಲಿತರು. ಇಪ್ಪತ್ತನ್ನು ದಾಟುವ ಮೊದಲೇ ಅದೇ ಶಾಲೆಯಲ್ಲಿ ಕಲಿಸತೊಡಗಿದರು.

ಅಲ್ಲಿಯೇ ಭಾನುಮತಿಯವರ ಪರಿಚಯವಾದುದು. 1947ರಲ್ಲಿ ಇಬ್ಬರಿಗೂ ಮದುವೆಯಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಇಪ್ಪತ್ತಮೂರು ವರ್ಷದ ಗಾಯಕನಿಗೆ ಎಲ್ಲ ದಿಕ್ಕುಗಳಿಂದಲೂ ಕರೆ ಬರುತ್ತಿದ್ದ ಕಾಲ. ಆಗಲೇ ಕ್ಷಯರೋಗ ಕಾಣಿಸಿಕೊಂಡಿತು.

ಇಂದು ನಮಗೆ ಕ್ಷಯವೆಂದರೆ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಮಾತ್ರೆಗಳನ್ನು ತಪ್ಪದೆ ನುಂಗಿ ಗುಣಮಾಡಿಕೊಳ್ಳುವ ರೋಗ. ಆ ಕಾಲದಲ್ಲಿ ಹಾಗಿರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಆಹಾರ, ಸಂಪೂರ್ಣ ವಿಶ್ರಾಂತಿ ಇವೇ ಮುಖ್ಯ ಚಿಕಿತ್ಸೆಯಾಗಿದ್ದುವು. ಸ್ಟ್ರೆಪ್ಟೊಮೈಸಿನ್ ಔಷಧವನ್ನು ಅಮೆರಿಕೆಯಲ್ಲಿ ಕಂಡುಹಿಡಿದುದು 1943ರಲ್ಲಿ. ಅದು ನಮ್ಮ ದೇಶದ ಸಾಮಾನ್ಯ ರೋಗಿಯ ಹಾಸಿಗೆಯ ಬಳಿಗೆ ಬರಲು ಇನ್ನೂ ಕೆಲವು ವರ್ಷಗಳು ಬೇಕಾದುವು. ಶ್ವಾಸಕೋಶದ ರೋಗ ಯಾರಿಗೆ ಬಂದರೂ ಕಷ್ಟವೇ. ಗಾಯಕನಿಗೆ ಬಂದರೆ ಅದು ರೈತನ ಎರಡು ಕೈಗಳನ್ನೂ ಕಟ್ಟಿಹಾಕಿದಂತೆ. ಹಾಡಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಒಣ ಹವೆಗಾಗಿ 1948ರ ಆರಂಭದಲ್ಲಿ ದಂಪತಿಗಳು ಮಾಳವದ ದೇವಾಸಕ್ಕೆ ಬಂದರು. ಇಂದೂರಿಗೆ ಸಮೀಪದ, ಗುಡ್ಡದ ಮೇಲೆ ದೇವಿಯಿರುವ ಊರು. ಒಂದೇ ಊರಿನಲ್ಲಿ ಇಬ್ಬರು ಅರಸರು ಆಳಿದ ವಿಚಿತ್ರ ಸಂಸ್ಥಾನವದು. ನಮ್ಮ ಇಂಗ್ಲಿಷ್ ತರಗತಿಗಳಲ್ಲಿ ಹೆಸರು ಕೇಳುವ ಇ. ಎಂ. ಫಾರ್ಸ್ಟರ್ ಎಂಬ ಕಾದಂಬರಿಕಾರರು 1921ರಲ್ಲಿ ಅಲ್ಲಿನ ಒಬ್ಬ ಅರಸರ ಕಾರ್ಯದರ್ಶಿಯಾಗಿದ್ದರು.

ಸುಮಾರು ಐದು ವರ್ಷ ಕುಮಾರರು ಹಾಡಲಿಲ್ಲ. ಭಾನುಮತಿಯವರು ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ದುಡಿದು ಮನೆ ನಡೆಸಿದರು, ರೋಗಿಯ ಶುಶ್ರೂಷೆ ಮಾಡಿದರು. ಅವರೂ ಗಾಯಕಿಯೇ ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಒಬ್ಬರ ಕಂಠವನ್ನು ಉಳಿಸುವುದಕ್ಕಾಗಿ ಇನ್ನೊಬ್ಬರ ಕಂಠ ಸುಮ್ಮನಾಯಿತು. ಕುಮಾರ ಗಂಧರ್ವರ ಚರಿತ್ರೆಯನ್ನು ಬರೆಯುವವರು ಈ ಭಾಗವನ್ನು ಪತಿಸೇವೆಯೆಂಬ ಒಂದು ಮಾತಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ.

ಹಾಡದ ಗಾಯಕ ಏನು ಮಾಡಿಯಾನು? ಕೇಳಿಯಾನು. ಹಾಸಿಗೆಯ ಮೇಲೆ ಮಲಗಿ ಅವರು ಕೇಳಿದುದು ಉಸ್ತಾದರನ್ನಲ್ಲ. ಹಕ್ಕಿಗಳ ಕೂಗು, ಹಾದಿಯಲ್ಲಿ ಹೋಗುವವರ ಪದ, ಮದುವೆಯ ಮನೆಯಲ್ಲಿ, ಹಬ್ಬಹುಣ್ಣಿಮೆಗಳಲ್ಲಿ ಮಾಳವದ ಹೆಂಗಸರು ಹಾಡುವ ಹಾಡುಗಳು, ಬಾಗಿಲಿಗೆ ಬಂದು ಕಬೀರನ ಪದಗಳನ್ನು ಹಾಡಿ ಭಿಕ್ಷೆ ಬೇಡುವ ನಾಥಪಂಥದ ಜೋಗಿಗಳ ಧ್ವನಿ. ಹತ್ತು ವರ್ಷದ ವಯಸ್ಸಿನಿಂದ ಸಭೆಗಳ ಗದ್ದಲದಲ್ಲಿ ಬೆಳೆದವರಿಗೆ ಇದು ಮೊದಲ ಬಿಡುವು. ಆ ಹಾಡುಗಳನ್ನು ದಂಪತಿಗಳು ಸಂಗ್ರಹಿಸತೊಡಗಿದರು, ಸ್ವರಹಾಕಿ ಬರೆದಿಟ್ಟರು.

ಇಲ್ಲಿ ನನ್ನೂರಿನ ಮಾತೊಂದನ್ನು ತಂದರೆ ವಾಚಕರು ಕ್ಷಮಿಸಬೇಕು. ಕಡೂರು ತಾಲ್ಲೂಕಿನ ನಮ್ಮ ಎಮ್ಮೆದೊಡ್ಡಿಯ ಬಳಿ ಮದಗದ ಕೆರೆಯಿದೆ. ಮಳೆ ಬಂದು ಮದಗದ ಕೆರೆ ತುಂಬಿದ ಜನಪದ ಗೀತೆಯನ್ನು ಕನ್ನಡ ನಾಡೆಲ್ಲ ಹಾಡುತ್ತದೆ. ಆ ಕೆರೆ ನಮ್ಮದೇ ಎಂದು ನಮ್ಮವರು ಹೇಳುತ್ತಾರೆ, ಮಾಸೂರಿನವರು ತಮ್ಮದೆನ್ನುತ್ತಾರೆ. ಆ ವ್ಯಾಜ್ಯ ಹಾಗಿರಲಿ. ಇಂತಹ ಹಾಡುಗಳನ್ನು ಹಾಡುವ ನಮ್ಮ ಅಜ್ಜಿಯಂದಿರು ನಾಲ್ಕೈದು ಸ್ವರಗಳಲ್ಲಿಯೇ ಇಡೀ ರಾತ್ರಿಯನ್ನು ಕಳೆಯಬಲ್ಲರು. ನಮಗದು ಹಾಡು, ಅಷ್ಟೆ. ಅದನ್ನು ಸಂಗೀತವೆಂದು ಕರೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಕುಮಾರ ಗಂಧರ್ವರು ದೇವಾಸದ ಹಾಸಿಗೆಯಲ್ಲಿ ಕಂಡುಕೊಂಡುದು ಇದಕ್ಕೆ ನೇರ ವಿರುದ್ಧವಾದ ಮಾತು. ಆ ನಾಲ್ಕೈದು ಸ್ವರಗಳ ಧಾಟಿಯೇ ಬೀಜ, ರಾಗವೆಂಬುದು ಅದರಿಂದ ಬೆಳೆದ ಮರ. ಯಾವುದೋ ಕಾಲದಲ್ಲಿ ಹಾಡುತ್ತಿದ್ದವರ ಬಾಯಿಂದಲೇ ರಾಗಗಳು ಹುಟ್ಟಿರಬೇಕಾದರೆ, ಇಂದಿನ ಹಾಡುಗಳಿಂದಲೂ ಹೊಸ ರಾಗ ಹುಟ್ಟಬಾರದೇಕೆ? ಹೀಗೆ ವಿಚಾರ ಮಾಡಿ ಅವರು ಒಂದೊಂದು ಧಾಟಿಯನ್ನೂ ತೆಗೆದುಕೊಂಡು ನೋಡಿದರು. ಅದು ಎಲ್ಲಿ ನಿಲ್ಲುತ್ತದೆ, ಯಾವ ಸ್ವರವನ್ನು ಮುಟ್ಟಿ ಹಿಂದಿರುಗುತ್ತದೆ, ಮೇಲೆ ಹೋಗಲು ಬಿಟ್ಟರೆ ಯಾವ ಕಡೆ ಒಲಿಯುತ್ತದೆ ಎಂದು ಪರೀಕ್ಷಿಸಿ ಅದರೊಳಗಿನ ರಾಗವನ್ನು ಹೊರತೆಗೆದರು. ಧುನ್ ಉಗಮ ರಾಗಗಳೆಂದು, ಎಂದರೆ ಧಾಟಿಯಿಂದ ಹುಟ್ಟಿದ ರಾಗಗಳೆಂದು ಅವಕ್ಕೆ ಹೆಸರಾಯಿತು. ಮಾಲವತಿ, ಸಹೇಲಿ ತೋಡಿ, ಲಗನ ಗಾಂಧಾರ, ಸಂಜಾರಿ, ಅಹಿಮೋಹಿನಿ ಇವೆಲ್ಲ ಅವರ ಕೃಷಿಯ ಫಲಗಳು. ಮಧಸೂರ್ಜಾ ಎಂಬ ರಾಗ ನಡುಹಗಲಿನ ಬಿಸಿಲಿನದು. ಅದರ ಬಂದಿಶಿನಲ್ಲಿ ದೇವಿಗೆ ಬಲಿಕೊಡಲು ತಂದ ಆಡಿನ ಮೊರೆಯಿದೆ. ಮಾರಿಜಾತ್ರೆಯನ್ನು ಕಂಡು ಬೆಳೆದ ನಮ್ಮಂತಹವರಿಗೆ ಅದನ್ನು ಕೇಳುವಾಗ ಮೈ ಜುಮ್ಮೆನ್ನದೆ ಇರದು.

ಸ್ಟ್ರೆಪ್ಟೊಮೈಸಿನ್ ಬಂದಿತು, ರೋಗ ಇಳಿಯಿತು. ಆದರೆ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯುಕ್ತವಾಗಿತ್ತು. 1953ರಲ್ಲಿ ಅವರು ಮತ್ತೆ ಸಭೆಯಲ್ಲಿ ಹಾಡಿದರು. ಹಳೆಯ ಕುಮಾರನನ್ನು ಕೇಳಲು ಬಂದವರಿಗೆ ಬೇರೊಬ್ಬ ಗಾಯಕ ಎದುರಾದನು.

ಖ್ಯಾಲ್ ಗಾಯನದ ವಾಡಿಕೆ ಏನೆಂಬುದನ್ನು ಸಂಗೀತದ ಪರಿಚಯವಿಲ್ಲದ ಮಿತ್ರರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ವಿಳಂಬ ಲಯದಲ್ಲಿ ಗಾಯಕನು ಷಡ್ಜದಿಂದ ಹೊರಟು ಒಂದೊಂದೇ ಸ್ವರವನ್ನು ಬಿಡಿಸುತ್ತ, ಮೆಟ್ಟಿಲು ಹತ್ತಿದಂತೆ ತಾರ ಷಡ್ಜವನ್ನು ಮುಟ್ಟುತ್ತಾನೆ. ಆಮೇಲೆ ಬೋಲುಗಳು, ತಾನುಗಳು, ಕಡೆಗೆ ದ್ರುತ. ಯಾವ ಘರಾಣೆ ಯಾವ ಮೆಟ್ಟಿಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿ ವ್ಯತ್ಯಾಸವಿದ್ದರೂ ಮೆಟ್ಟಿಲಂತೂ ಇದ್ದೇ ಇರುತ್ತದೆ. ಕುಮಾರರು ಮೆಟ್ಟಿಲನ್ನೇ ತೆಗೆದರು. ರಾಗದೊಳಕ್ಕೆ ಅವರು ಎಲ್ಲಿಂದ ಬೇಕಾದರೂ ಪ್ರವೇಶಿಸುತ್ತಿದ್ದರು. ಬಂದಿಶ್ ಅವರಿಗೆ ರಾಗವನ್ನು ತೂಗುಹಾಕುವ ಗೂಟವಾಗಿರಲಿಲ್ಲ. ರಾಗ ಇಂದು ಯಾವ ಮುಖ ತೋರಿಸಬೇಕೆಂಬುದನ್ನು ಬಂದಿಶೇ ನಿರ್ಧರಿಸುತ್ತಿತ್ತು. ಒಂದೇ ರಾಗದ ಎರಡು ಬಂದಿಶ್‌ಗಳು ಅವರ ಕಂಠದಲ್ಲಿ ಎರಡು ಬೇರೆ ಜೀವಗಳಾಗುತ್ತಿದ್ದುವು. ಚಿಕ್ಕ ಚಿಕ್ಕ ತುಂಡುಗಳು, ನಡುವೆ ಮೌನ, ಆ ಮೌನದಲ್ಲಿ ತಂಬೂರಿಯ ನಾದ, ಮತ್ತೆ ಮಿಂಚಿನಂತೆ ಒಂದು ತಾನು. ತಂಬೂರಿ ಶ್ರುತಿಮಾಡುವುದಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ಕಾಲ ಪ್ರಸಿದ್ಧವಾಗಿತ್ತು. ತಬಲೆಗೆ ಬಹುಕಾಲ ಜತೆಗಿದ್ದ ವಸಂತ ಆಚರೇಕರರು ಆ ಮೌನಗಳನ್ನು ತುಂಬಲು ಹೋಗದೆ ಕಾಯುವ ಸಂಯಮವುಳ್ಳವರು.

ಸಂಪ್ರದಾಯಸ್ಥರಿಗೆ ಇದು ರುಚಿಸಲಿಲ್ಲ. ರಾಗದ ಬೆಳವಣಿಗೆ ಎಲ್ಲಿ, ವಿಳಂಬದ ಗಾಂಭೀರ್ಯ ಎಲ್ಲಿ ಎಂಬ ಆಕ್ಷೇಪ ಕಡೆಯವರೆಗೂ ಅವರನ್ನು ಬಿಡಲಿಲ್ಲ. ಅಭಿಮಾನಿಗಳಲ್ಲಿಯೂ ಕೆಲವರು ಒಂದು ಸಮಾಧಾನ ಹೇಳಿದರು: ಪಾಪ, ಒಂದೇ ಶ್ವಾಸಕೋಶ, ಉದ್ದವಾದ ಉಸಿರು ಇಲ್ಲ, ಆದುದರಿಂದ ತುಂಡು ತುಂಡಾಗಿ ಹಾಡುತ್ತಾರೆ. ಈ ಸಮಾಧಾನ ನನಗೆ ಆಕ್ಷೇಪಕ್ಕಿಂತಲೂ ಅನ್ಯಾಯವಾಗಿ ಕಾಣುತ್ತದೆ. ಉಸಿರಿನ ಕೊರತೆ ಇದ್ದುದು ನಿಜ, ಅದನ್ನು ಅಲ್ಲಗಳೆಯಲಾಗದು. ಆದರೆ ಉಸಿರು ಸಾಲದವನು ಮಂದ್ರದಲ್ಲಿ ಮೆಲ್ಲನೆ ಹಾಡಿ ದಣಿವನ್ನು ಉಳಿಸಿಕೊಳ್ಳುತ್ತಾನೆ. ಇವರು ಹಾಗೆ ಮಾಡಲಿಲ್ಲ. ತಾರಸ್ಥಾಯಿಯಲ್ಲಿ ಸ್ವರವನ್ನು ಈಟಿಯಂತೆ ಎಸೆದು ನಿಲ್ಲಿಸುತ್ತಿದ್ದರು. ಇಡೀ ರಾತ್ರಿಯ ಬೈಠಕ್ಕುಗಳನ್ನು ನಡೆಸಿದರು. ಅವರ ಧ್ವನಿಮುದ್ರಣಗಳನ್ನು ಕೇಳಿದ ಯಾರಿಗಾದರೂ ಇದು ತಿಳಿಯುತ್ತದೆ. ರೋಗ ಅವರಿಂದ ಉದ್ದವನ್ನು ಕಸಿದುಕೊಂಡಿರಬಹುದು. ಏನನ್ನು ಬಿಡಬೇಕು, ಏನನ್ನು ಇಡಬೇಕು ಎಂದು ತೀರ್ಮಾನಿಸಿದವರು ಅವರೇ. ಆ ಐದು ವರ್ಷದ ಮೌನದಲ್ಲಿ ಆದುದು ವಿಚಾರ, ಕೇವಲ ವ್ಯಾಧಿಯಲ್ಲ.

ಪಶ್ಚಿಮದ ಸಂಗೀತದಲ್ಲಿಯೂ ಆಗ ಇಂತಹದೇ ಒಂದು ಕಲಹ ನಡೆಯುತ್ತಿತ್ತು. ಅಮೆರಿಕೆಯ ನೀಗ್ರೋ ಜನರ ಜಾಜ್ ಸಂಗೀತದಲ್ಲಿ 1959-60ರ ಸುಮಾರಿಗೆ ಆರ್ನೆಟ್ ಕೋಲ್ಮನ್ ಮೊದಲಾದವರು ನಿಶ್ಚಿತವಾದ ಚೌಕಟ್ಟನ್ನು ಬಿಟ್ಟು ನುಡಿಸತೊಡಗಿದರು. 1960ರಲ್ಲಿ ಮ್ಯಾಕ್ಸ್ ರೋಚ್ ಎಂಬ ವಾದಕರು ತಮ್ಮ ಜನರ ಸ್ವಾತಂತ್ರ್ಯವನ್ನು ಕುರಿತು ರಚಿಸಿದ ಕೃತಿಯಲ್ಲಿ ಆ್ಯಬಿ ಲಿಂಕನ್ ಎಂಬ ಗಾಯಕಿ ಮಾತಿಲ್ಲದೆ, ಒಂದು ಭಾಗದಲ್ಲಿ ಬರಿಯ ಚೀತ್ಕಾರದಿಂದಲೇ ಹಾಡಿದರು. ಅದನ್ನೂ ಹಾಡೆನ್ನಬಹುದೇ ಎಂದು ಅಲ್ಲಿಯ ರಸಿಕರು ಕೇಳಿದರು. ದೇವಾಸದ ಗಾಯಕನಿಗೂ ಆ ಗಾಯಕಿಗೂ ಯಾವ ಸಂಬಂಧವೂ ಇಲ್ಲ. ಸುಮ್ಮನೆ ಗಂಟುಹಾಕುವುದು ನನ್ನ ಉದ್ದೇಶವಲ್ಲ. ಆದರೆ ಇಬ್ಬರೂ ಹಿಂದಿರುಗಿದುದು ತಮ್ಮ ತಮ್ಮ ಬಡಜನರ ಹಾಡಿನ ಕಡೆಗೆ ಎಂಬುದನ್ನು ಗಮನಿಸಬೇಕು. ಹೊಸತನವೆಂದರೆ ಹಳೆಯದನ್ನು ಕಡಿದೊಗೆಯುವುದೆಂದು ತಿಳಿದವರಿಗೆ ಇಬ್ಬರ ಉದಾಹರಣೆಯೂ ತೊಡಕಾಗುತ್ತದೆ.

1961ರಲ್ಲಿ ಭಾನುಮತಿಯವರು ಎರಡನೆಯ ಮಗನ ಹೆರಿಗೆಯಲ್ಲಿ ತೀರಿಕೊಂಡರು. ಸಾವಿನ ಬಾಯಿಂದ ಗಂಡನನ್ನು ಎಳೆದು ತಂದವರು ತಾವು ಹೋಗಿಬಿಟ್ಟರು. ದೇವಾಸದ ಮನೆಗೆ ಭಾನುಕುಲ ಎಂಬ ಹೆಸರು ನಿಂತಿತು. ಮರುವರ್ಷ ಕುಮಾರರು ತಮ್ಮ ಶಿಷ್ಯೆ ವಸುಂಧರಾ ಶ್ರೀಖಂಡೆಯವರನ್ನು ಮದುವೆಯಾದರು. ಮುಂದಿನ ಮೂವತ್ತು ವರ್ಷಗಳ ಕಾಲ ವಸುಂಧರಾ ಅವರು ಸಭೆಗಳಲ್ಲಿ ಅವರ ಜತೆಗೆ ದನಿಗೂಡಿಸಿದರು. ಕಬೀರನ ಪದಗಳ ಧ್ವನಿಮುದ್ರಣಗಳಲ್ಲಿ ಎರಡು ಕಂಠಗಳು ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ನಾವು ಕೇಳುತ್ತೇವೆ. ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನೀ ಕೊಂಕಾಳಿ ಇಬ್ಬರೂ ಗಾಯಕರಾದರು. ಮಗ ತನ್ನ ಹೆಸರಿನ ಮುಂದೆ ಗಂಧರ್ವನೆಂಬ ಬಿರುದನ್ನು ಇಟ್ಟುಕೊಳ್ಳದೆ ಶಿವಪುತ್ರನೆಂಬ ಹಳೆಯ ಹೆಸರನ್ನು ಇಟ್ಟುಕೊಂಡುದು ನನಗೆ ಬಹಳ ಹಿಡಿಸಿತು.

ಕಬೀರನ ನಿರ್ಗುಣೀ ಪದಗಳ ಮಾತನ್ನು ಸ್ವಲ್ಪ ಬೆಳೆಸಬೇಕು. ಕುಮಾರ ಗಂಧರ್ವರ ಹೆಸರನ್ನು ಶಾಸ್ತ್ರೀಯ ಸಂಗೀತ ತಿಳಿಯದ ಮನೆಗಳಿಗೂ ಮುಟ್ಟಿಸಿದುದು ಅವೇ. ಭಜನೆಯೆಂದರೆ ಕರಗುವ ಕಂಠ, ಕಣ್ಣೀರು, ಸಾಕಾರ ದೇವರ ಬಣ್ಣನೆ ಎಂದು ರೂಢಿಯಾಗಿತ್ತು. ದೇವಾಸದಲ್ಲಿ ಶೀಲನಾಥರೆಂಬ ನಾಥಯೋಗಿಯ ಧುನಿಯಿದೆ. ಅಲ್ಲಿಯ ಜೋಗಿಗಳ ಹಾಡಿನಲ್ಲಿ ಅವರಿಗೆ ಬೇರೊಂದು ಗುಣ ಕಂಡಿತು. ಕೇಳುವವರಿರಲಿ ಇಲ್ಲದಿರಲಿ, ಯಾರನ್ನೂ ಮೆಚ್ಚಿಸುವ ಹಂಗಿಲ್ಲದೆ, ಬಯಲಿಗೆ ಮುಖಮಾಡಿ ಹಾಡುವ ಗುಣ. ಆ ನಿಷ್ಠುರತೆಯನ್ನು ಅವರು ಕಂಠದಲ್ಲಿ ತಂದರು. ನಮ್ಮ ಕಡೆ ಏಕತಾರಿ ಹಿಡಿದು ಶಿಶುನಾಳ ಷರೀಫರ ತತ್ತ್ವಪದ ಹಾಡುವವರನ್ನು ಕೇಳಿದವರಿಗೆ ಈ ಗುಣ ಅಪರಿಚಿತವಲ್ಲ. ಬಯಲು, ಶೂನ್ಯ ಎಂಬ ಮಾತುಗಳನ್ನು ಮಠದ ಮನೆತನದ ಮಗು ತೊಟ್ಟಿಲಲ್ಲಿಯೇ ಕೇಳಿರಬೇಕಲ್ಲವೆ? ಕಬೀರನಲ್ಲಿ ಅವರು ಕಂಡುದು ಅನ್ಯವಾದುದನ್ನಲ್ಲ, ಮನೆಯಲ್ಲಿ ಬಿಟ್ಟುಬಂದುದನ್ನು ಎಂದು ನನಗೆ ತೋರುತ್ತದೆ. ಇದು ನನ್ನ ಊಹೆ, ಒಪ್ಪದವರು ಬಿಡಬಹುದು.

ಉಳಿದುದನ್ನು ಬೇಗ ಹೇಳಿ ಮುಗಿಸುತ್ತೇನೆ. 1965ರಲ್ಲಿ ಅವರ ಬಂದಿಶ್‌ಗಳ ಸಂಗ್ರಹ ಅನೂಪ ರಾಗ ವಿಲಾಸವು ಸ್ವರಲಿಪಿಯೊಡನೆ ಮುಂಬಯಿಯಲ್ಲಿ ಅಚ್ಚಾಯಿತು. ಮಳೆಗಾಲದ ಹಾಡುಗಳ ಗೀತವರ್ಷಾ, ಚಳಿಯ ಗೀತಹೇಮಂತ, ಗೀತವಸಂತ. ಕಬೀರ, ಸೂರದಾಸ, ಮೀರಾ ಮೂವರನ್ನು ಸೇರಿಸಿದ ತ್ರಿವೇಣಿ. ಮಾಳವದ ಜನಪದ ಗೀತೆಗಳಿಗಾಗಿಯೇ ಒಂದು ಸಂಜೆ. ನಾಟ್ಯಗೀತೆಗಳ ಬಾಲಗಂಧರ್ವರಿಗೆ ಸಲ್ಲಿಸಿದ ಇನ್ನೊಂದು ಸಂಜೆ, ಹೀಗೆ ವಿಷಯವನ್ನು ಹಿಡಿದು ಕಛೇರಿಯನ್ನು ಕಟ್ಟುವ ಪದ್ಧತಿಯನ್ನೂ ಅವರು ಬೆಳೆಸಿದರು. ಬಾಲಗಂಧರ್ವರ ಗೀತೆಗಳನ್ನು ಹಾಡುವಾಗ ಅವರು ಬಾಲ್ಯದ ಹಾಗೆ ಪಡಿಯಚ್ಚು ತೆಗೆಯಲಿಲ್ಲ. ತಮಗೆ ಅರ್ಥವಾದ ಬಾಲಗಂಧರ್ವರನ್ನು ಹಾಡಿದರು. ಗಾಂಧೀಜಿಯವರ ಜನ್ಮಶತಾಬ್ದಿಯ 1969ರಲ್ಲಿ ಗಾಂಧಿ ಮಲ್ಹಾರ ಎಂಬ ರಾಗವನ್ನು ರಚಿಸಿದರು. ಒಬ್ಬ ಮನುಷ್ಯನನ್ನು ರಾಗವನ್ನಾಗಿ ಮಾಡುವುದು ಸಾಧ್ಯವೇ ಎಂಬ ಬಗ್ಗೆ ನನಗೆ ಇಂದಿಗೂ ಸಂದೇಹವಿದೆ. ಆದರೆ ಅವರು ಆರಿಸಿದುದು ಮಳೆಯ ಮಲ್ಹಾರವನ್ನು ಎಂಬುದು ಬರದ ತಾಲ್ಲೂಕಿನವರಿಗೆ ಬೇಗ ಅರ್ಥವಾಗುತ್ತದೆ. ಪದ್ಮಭೂಷಣ 1977ರಲ್ಲಿ, ಪದ್ಮವಿಭೂಷಣ 1990ರಲ್ಲಿ ಬಂದುವು.

1992ನೆಯ ಜನವರಿ 12ರಂದು ದೇವಾಸದ ಮನೆಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ಅರವತ್ತೇಳು ವರ್ಷ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಲ್ಲಿಕಾರ್ಜುನ ಮನಸೂರರೂ ಹೋದರು. ಒಬ್ಬರು ಘರಾಣೆಯನ್ನು ಉಸಿರಿನಂತೆ ಕಾಪಾಡಿದವರು, ಇನ್ನೊಬ್ಬರು ಅದನ್ನು ದಾಟಿ ಹೋದವರು. ಒಂದೇ ವರ್ಷದಲ್ಲಿ ಕನ್ನಡನಾಡು ಇಬ್ಬರನ್ನೂ ಕಳೆದುಕೊಂಡಿತು. 2014ರಲ್ಲಿ ಭಾರತೀಯ ಅಂಚೆ ಇಲಾಖೆ ಸಂಗೀತಗಾರರ ಚೀಟಿಗಳನ್ನು ಹೊರಡಿಸಿದಾಗ ಇಬ್ಬರ ಚಿತ್ರಗಳೂ ಒಟ್ಟಿಗೆ ಬಂದುವು. ಬೆಳಗಾವಿಯಲ್ಲಿ ಕುಮಾರ ಗಂಧರ್ವರ ಹೆಸರಿನ ರಂಗಮಂದಿರವಿದೆ. ಅವರು ಬರೆದಿಟ್ಟಿದ್ದ ಉಳಿದ ಬಂದಿಶ್‌ಗಳು ಅನೂಪ ರಾಗ ವಿಲಾಸದ ಎರಡನೆಯ ಭಾಗವಾಗಿ ಅವರು ತೀರಿಕೊಂಡ ಮರುವರ್ಷ, 1993ರಲ್ಲಿ ಅಚ್ಚಾದುವು.